ಡೆಂಟಲ್ ಹೈಜೀನ್ ಮತ್ತು ಅಲೈಡ್ ಹೆಲ್ತ್ ಕೋರ್ಸುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಮುಗಿಸಿ ‘ನೀಟ್ ಆಗಲಿಲ್ಲ, ಮುಂದೇನು’ ಎಂದು ಹುಡುಕುತ್ತಿರುವವರಿಗೂ, ಈಗಾಗಲೇ ಸೇರಿ ಮೊದಲ ಸಲ ಸ್ಕೇಲರ್ (ಹಲ್ಲಿನ ಗಾರೆ ಕೆರೆಯುವ ಉಪಕರಣ) ಹಿಡಿದು ಕೈ ನಡುಗುತ್ತಿರುವವರಿಗೂ ಈ ಪುಟ. ಹೆಚ್ಚಿನ ಪ್ರಶ್ನೆಗಳು ಹಲ್ಲಿನ ವಿಭಾಗದ್ದು. ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್ ಬಗ್ಗೆ ಕೇಳುವವರು ಸ್ವಲ್ಪ ಕೆಳಗೆ ಬನ್ನಿ.

ಡೆಂಟಲ್ ಹೈಜೀನಿಸ್ಟ್ ಅಂದ್ರೆ ಕ್ಲಿನಿಕ್ ಅಸಿಸ್ಟೆಂಟ್ ತಾನೆ?

ಅಲ್ಲ. 1948ರ ದಂತವೈದ್ಯರ ಕಾಯ್ದೆ ಮೂರು ವೃತ್ತಿಗಳನ್ನು ಬೇರೆ ಬೇರೆಯಾಗಿ ಹೆಸರಿಸಿದೆ: ಡೆಂಟಿಸ್ಟ್, ಡೆಂಟಲ್ ಹೈಜೀನಿಸ್ಟ್, ಡೆಂಟಲ್ ಮೆಕ್ಯಾನಿಕ್. ಹಲ್ಲಿನ ಗಾರೆ ತೆಗೆಯುವುದು, ಶುಚಿ ಮಾಡುವುದು, ಪಾಲಿಶ್ ಮಾಡುವುದು, ಬಾಯಿಯ ಆರೋಗ್ಯದ ಬಗ್ಗೆ ತಿಳಿಹೇಳುವುದು ಹೈಜೀನಿಸ್ಟ್ ಕೆಲಸ. ಹಲ್ಲಿನ ಸೆಟ್ಟು ಮತ್ತಿತರ ಸಾಧನಗಳನ್ನು ತಯಾರಿಸುವುದು, ರಿಪೇರಿ ಮಾಡುವುದು ಮೆಕ್ಯಾನಿಕ್ ಕೆಲಸ. ಇಬ್ಬರಿಗೂ ರಾಜ್ಯ ದಂತ ಪರಿಷತ್ತಿನಲ್ಲಿ ನೋಂದಣಿ ಇದೆ. ಕುರ್ಚಿ ಪಕ್ಕ ನಿಂತು ಸಕ್ಷನ್ ಹಿಡಿಯುವ ಅಸಿಸ್ಟೆಂಟ್‌ಗೆ ಆ ಕಾಯ್ದೆಯಲ್ಲಿ ಇಂಥ ಜಾಗವಿಲ್ಲ. ಈ ವ್ಯತ್ಯಾಸ ತಿಳಿಯದೆ, ಅಸಿಸ್ಟೆಂಟ್ ತರಬೇತಿಗೆ ‘ಡೆಂಟಲ್ ಹೈಜೀನ್’ ಎಂಬ ಬೋರ್ಡು ಹಾಕಿದ ಕಡೆ ದುಡ್ಡು ಕಟ್ಟಿ ಬರುವವರು ಪ್ರತಿ ವರ್ಷ ಇರುತ್ತಾರೆ.

ಹಳೆಯ ಕಾಯ್ದೆಯ ಜಾಗಕ್ಕೆ ಬರಲೆಂದು ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಅಂಗೀಕರಿಸಿದೆ. ಹಾಗಾಗಿ ನೀವು ಸೇರುವ ವರ್ಷದ ಅಧಿಸೂಚನೆಯನ್ನೇ ಓದಿ. ಅಣ್ಣನೋ ಅಕ್ಕನೋ ಐದು ವರ್ಷದ ಹಿಂದೆ ಸೇರಿದಾಗ ಇದ್ದ ನಿಯಮ ಈಗಲೂ ಇರುತ್ತದೆ ಅಂದುಕೊಳ್ಳಬೇಡಿ.

ಎಷ್ಟು ವರ್ಷದ ಕೋರ್ಸು? ಏನು ಓದಿರಬೇಕು?

ಡೆಂಟಲ್ ಹೈಜೀನಿಸ್ಟ್, ಡೆಂಟಲ್ ಮೆಕ್ಯಾನಿಕ್ ಎರಡೂ 2 ವರ್ಷದ ಡಿಪ್ಲೊಮಾ. ಪಿಯುಸಿ ವಿಜ್ಞಾನದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಕಾಮರ್ಸ್, ಆರ್ಟ್ಸ್ ಓದಿದವರಿಗೆ ಈ ದಾರಿ ಇಲ್ಲ.

ನೀಟ್ ಬೇಕಾ?

ಈ ಡಿಪ್ಲೊಮಾಗಳಿಗೆ ಬೇಡ. ಬಿಡಿಎಸ್‌ಗೆ (ದಂತವೈದ್ಯ ಪದವಿ) ಬೇಕು.

ಕಾಲೇಜು ಸರಿಯಾದದ್ದೋ ಅಲ್ಲವೋ ಹೇಗೆ ತಿಳಿಯುವುದು?

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ. ಒಂದು ದಂತ ಕಾಲೇಜಿಗೆ ಬಿಡಿಎಸ್ ನಡೆಸಲು ಮಾನ್ಯತೆ ಇದೆ ಅಂದ ಮಾತ್ರಕ್ಕೆ ಅಲ್ಲಿನ ಹೈಜೀನಿಸ್ಟ್ ಕೋರ್ಸಿಗೂ ಇದೆ ಎಂದಲ್ಲ. ಅನುಮತಿ ಕೋರ್ಸಿಗೆ ಕೋರ್ಸಿಗೆ ಬೇರೆ, ಸೀಟಿನ ಸಂಖ್ಯೆಯೂ ಬೇರೆ. ಕಾಲೇಜಿನ ಹೆಸರು ಮಾನ್ಯತೆ ಪಡೆದ ಕಾಲೇಜುಗಳ ಪಟ್ಟಿಯಲ್ಲಿ ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಹೈಜೀನಿಸ್ಟ್ ಅಥವಾ ಮೆಕ್ಯಾನಿಕ್ ಎಂಬ ಶೀರ್ಷಿಕೆಯ ಕೆಳಗೆ ಆ ಹೆಸರಿದೆಯೇ, ಎಷ್ಟು ಸೀಟು, ಯಾವ ವರ್ಷದವರೆಗೆ ಅನುಮತಿ ಎಂಬುದನ್ನು ನೋಡಿ. ಆಮೇಲೆ ಬೆಂಗಳೂರಿನ ಕರ್ನಾಟಕ ರಾಜ್ಯ ದಂತ ಪರಿಷತ್ತಿಗೆ ಒಂದೇ ಪ್ರಶ್ನೆ ಕೇಳಿ: ‘ಈ ಕಾಲೇಜಿನಲ್ಲಿ ಈ ಕೋರ್ಸು ಮುಗಿಸಿದವರನ್ನು ನೀವು ನೋಂದಾಯಿಸುತ್ತೀರಾ?’ ಉತ್ತರ ‘ಇಲ್ಲ’ ಎಂದಾದರೆ ಕಟ್ಟಡ ಎಷ್ಟೇ ಚೆನ್ನಾಗಿರಲಿ, ವಾಪಸ್ ಬನ್ನಿ.

ಕಾಗದಪತ್ರ ಸರಿ ಇದ್ದರೂ ಇನ್ನೊಂದು ಪರೀಕ್ಷೆ ಬಾಕಿ ಇದೆ. ವಾರದ ನಡುವೆ ಒಂದು ದಿನ ಬೆಳಗ್ಗೆ ಹತ್ತೂವರೆಗೆ ಕಾಲೇಜಿನ ಒಪಿಡಿಗೆ ಹೋಗಿ ಸುಮ್ಮನೆ ಅರ್ಧ ಗಂಟೆ ಕೂತು ನೋಡಿ. ವಸಡಿನ ವಿಭಾಗದಲ್ಲಿ ಎಷ್ಟು ಕುರ್ಚಿಗಳಲ್ಲಿ ರೋಗಿಗಳಿದ್ದಾರೆ? ಆ ಕುರ್ಚಿಗಳ ಪಕ್ಕ ಡಿಪ್ಲೊಮಾದವರು ಕೂತಿದ್ದಾರಾ, ಅಥವಾ ಬಿಡಿಎಸ್ ವಿದ್ಯಾರ್ಥಿಗಳ ಹಿಂದೆ ನಿಂತು ನೋಡುತ್ತಿದ್ದಾರಾ? ಎರಡನೇ ವರ್ಷದ ಒಬ್ಬರನ್ನು ಹಿಡಿದು ಲಾಗ್‌ಬುಕ್ (ಮಾಡಿದ ಕೆಲಸ ಬರೆದು ಸಹಿ ಹಾಕಿಸುವ ಪುಸ್ತಕ) ತೋರಿಸಲು ಕೇಳಿ. ಪುಟ ಖಾಲಿ ಇದ್ದರೆ, ಅಥವಾ ಎಲ್ಲ ಸಹಿಗಳೂ ಒಂದೇ ದಿನ ಒಂದೇ ಪೆನ್ನಿನಲ್ಲಿ ಬಿದ್ದಿದ್ದರೆ, ಮತ್ತೆ ಕೇಳಬೇಕಾದ್ದೇನೂ ಇಲ್ಲ. ಇದು ಕೈ ಪಳಗಬೇಕಾದ ಕೆಲಸ, ರೋಗಿಗಳು ಬಾರದ ಕಾಲೇಜಿನಲ್ಲಿ ಪಳಗುವುದಿಲ್ಲ.

‘ಆರು ತಿಂಗಳಲ್ಲಿ ಡಿಪ್ಲೊಮಾ, 100% ಜಾಬ್’ ಎಂಬ ಬಸ್‌ಸ್ಟ್ಯಾಂಡ್ ಪೋಸ್ಟರುಗಳಿಗೆ ಬೇರೆ ಉತ್ತರ ಬೇಕಿಲ್ಲ. ಪ್ರವೇಶದ ದಿನ ಮೂಲ ಅಂಕಪಟ್ಟಿ, ಟಿಸಿ ಕೊಟ್ಟರೆ ಸ್ವೀಕೃತಿ ಪತ್ರ ಕೇಳಿ ಪಡೆಯಿರಿ. ಮಧ್ಯದಲ್ಲಿ ಬಿಡಬೇಕಾಗಿ ಬಂದಾಗ ಜಗಳ ಶುರುವಾಗುವುದೇ ಆ ದಾಖಲೆಗಳಿಂದ.

ಮೊದಲ ವರ್ಷ ಪೂರ್ತಿ ಥಿಯರಿನಾ?

ಹೆಚ್ಚುಕಡಿಮೆ. ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿಶಾಸ್ತ್ರ, ಹಲ್ಲಿನ ರಚನೆ. ಹಲ್ಲಿನ ಸಂಖ್ಯೆ ಹೇಳುವ ಎಫ್‌ಡಿಐ ಪದ್ಧತಿ ಮೊದಲ ತಿಂಗಳಲ್ಲೇ ಬಾಯಿಪಾಠ ಆಗಬೇಕು. ಮೇಲಿನ ಬಲಭಾಗ 1, ಮೇಲಿನ ಎಡ 2, ಕೆಳಗಿನ ಎಡ 3, ಕೆಳಗಿನ ಬಲ 4. ನಡುವಿನಿಂದ ಹಿಂದಕ್ಕೆ 1ರಿಂದ 8. ಭಾಗದ ಅಂಕಿ ಮೊದಲು, ಹಲ್ಲಿನ ಅಂಕಿ ಆಮೇಲೆ: ಕೆಳಗಿನ ಎಡಭಾಗದ (3) ಮೊದಲ ದವಡೆಹಲ್ಲು (6) 36. ರೋಗಿಯ ಬಲ ನಿಮ್ಮ ಎಡಕ್ಕೆ ಬರುತ್ತದೆ ಎಂಬ ಒಂದು ವಿಷಯ ತಲೆಗೆ ಹೋಗಲು ವಾರ ಬೇಕು. ಅದು ಹೋಗದೆ ಚಾರ್ಟ್ ಬರೆದರೆ 16ರ ಗಾಯ 26ಕ್ಕೆ ದಾಖಲಾಗುತ್ತದೆ.

ಸ್ಕೇಲಿಂಗ್ ಕಲಿಯೋದು ನಿಜಕ್ಕೂ ಅಷ್ಟು ಕಷ್ಟನಾ?

ಗಾರೆ ಕೆರೆಯುವುದು ಸುಲಭ. ಹಲ್ಲಿಗೂ ವಸಡಿಗೂ ಏಟು ಬೀಳದಂತೆ, ಏನೂ ಉಳಿಯದಂತೆ ಕೆರೆಯುವುದು ಕಷ್ಟ.

ಕೂರುವುದರಿಂದ ಶುರು ಮಾಡೋಣ. ರೋಗಿಯ ಬಾಯಿ ನಿಮ್ಮ ಮೊಣಕೈ ಎತ್ತರಕ್ಕಿರಬೇಕು. ರೋಗಿಯ ತಲೆಯನ್ನು ಗಡಿಯಾರ ಅಂದುಕೊಂಡರೆ, ನೆತ್ತಿಯ ಹಿಂದೆ 12 ಗಂಟೆ, ಬಲಗೈಯವರು ಸುಮಾರು 8ರಿಂದ 12ರವರೆಗೆ ಓಡಾಡುತ್ತಾರೆ. ಒಂದೇ ಜಾಗದಲ್ಲಿ ಕೂತು ಕತ್ತು ತಿರುಚಿ ಎಲ್ಲ ಹಲ್ಲನ್ನೂ ಮುಟ್ಟಲು ನೋಡುವವರಿಗೆ ಎರಡನೇ ವರ್ಷದ ಹೊತ್ತಿಗೇ ಕತ್ತು ನೋವು ಬಂದಿರುತ್ತದೆ. ಜಾಗ ಬದಲಿಸಿ, ಕನ್ನಡಿಯಲ್ಲಿ ನೋಡಿ, ರೋಗಿಯ ತಲೆ ತಿರುಗಿಸಿ.

ಹಿಡಿತ ಪೆನ್ನಿನ ಹಿಡಿತದಂತೆಯೇ, ಆದರೆ ನಡುಬೆರಳಿನ ತುದಿ ಉಪಕರಣದ ಕಾಂಡದ (ಹಿಡಿಗೂ ಬ್ಲೇಡಿಗೂ ನಡುವಿನ ಭಾಗ) ಮೇಲೆ ಕೂರಬೇಕು. ಉಂಗುರ ಬೆರಳು ಪಕ್ಕದ ಹಲ್ಲಿನ ಮೇಲೆ ಊರಿರಬೇಕು. ಅದೇ ಆಧಾರ. ಒದ್ದೆ ಹಲ್ಲಿನ ಮೇಲೆ ಊರಿದರೆ ಬೆರಳು ಜಾರುತ್ತದೆ, ಜೊತೆಗೆ ಬ್ಲೇಡು ಜಾರಿ ವಸಡಿಗೋ ನಾಲಿಗೆಗೋ ತಾಗುತ್ತದೆ. ಊರುವ ಮುನ್ನ ಹತ್ತಿಯಿಂದ ಒರೆಸಿಕೊಳ್ಳಿ. ಎಳೆಯುವ ಬಲ ಬೆರಳಿನಿಂದ ಅಲ್ಲ, ಮಣಿಕಟ್ಟು ಮತ್ತು ಮುಂಗೈ ಒಟ್ಟಾಗಿ ತಿರುಗುವುದರಿಂದ ಬರಬೇಕು.

ಇನ್ನು ಕೋನ. ಬ್ಲೇಡನ್ನು ವಸಡಿನ ಕೆಳಗೆ ತೂರಿಸುವಾಗ ಅದರ ಮುಖ ಹಲ್ಲಿಗೆ ಹೆಚ್ಚುಕಡಿಮೆ ಅಂಟಿಕೊಂಡಿರಬೇಕು, ಅಂದರೆ 0 ಡಿಗ್ರಿ. ಗಾರೆಯ ತಳ ಮುಟ್ಟಿದ ಮೇಲೆ ಬ್ಲೇಡು ತೆರೆದು 45ಕ್ಕಿಂತ ಹೆಚ್ಚು, 90ಕ್ಕಿಂತ ಕಡಿಮೆ ಕೋನಕ್ಕೆ ತಂದು ಎಳೆಯಬೇಕು. 45ಕ್ಕಿಂತ ಕಡಿಮೆಯಾದರೆ ಬ್ಲೇಡು ಗಾರೆಯ ಮೇಲೆ ಜಾರುತ್ತದೆ. 90 ದಾಟಿದರೆ ಇನ್ನೊಂದು ಬದಿ ವಸಡಿನ ಒಳಪದರವನ್ನು ಕೆರೆಯುತ್ತದೆ.

ವಸಡಿನ ಕೆಳಗಿನ ಗಾರೆ ಕೆರೆಯುವ ಗ್ರೇಸಿ ಕ್ಯುರೆಟ್‌ ಎಂಬ ಕೈ ಉಪಕರಣಗಳಲ್ಲಿ ಪ್ರತಿ ಜಾಗಕ್ಕೂ ನಂಬರಿದೆ: 1/2, 3/4 ಮುಂಭಾಗದ ಹಲ್ಲುಗಳಿಗೆ, 7/8 ದವಡೆಹಲ್ಲಿನ ಕೆನ್ನೆಬದಿ ಮತ್ತು ನಾಲಿಗೆಬದಿಗೆ, 11/12 ದವಡೆಹಲ್ಲಿನ ಮುಂದಿನ ಮೈಗೆ, 13/14 ಹಿಂದಿನ ಮೈಗೆ. ಒಂದೊಂದು ತುದಿಯ ಬ್ಲೇಡಿಗೆ ಒಂದೇ ಅಂಚು ಕೆಲಸದ್ದು. ಯಾವ ಅಂಚು ಎಂದು ತಿಳಿಯಲು, ಬ್ಲೇಡಿಗೆ ಹತ್ತಿರದ ಕಾಂಡವನ್ನು ನೆಲಕ್ಕೆ ಲಂಬವಾಗಿ ಹಿಡಿಯಿರಿ. ಕೆಳಕ್ಕೆ ವಾಲಿದ ಅಂಚೇ ಕತ್ತರಿಸುವ ಅಂಚು. ಕೆಲಸ ಮಾಡುವಾಗ ಅದೇ ಕಾಂಡ ಹಲ್ಲಿನ ಉದ್ದಕ್ಕೆ ಸಮಾನಾಂತರವಾಗಿದ್ದರೆ ಕೋನ ತಾನಾಗಿಯೇ ಸರಿ ಬರುತ್ತದೆ. ಪ್ರೊಟ್ರಾಕ್ಟರ್ ಬೇಕಿಲ್ಲ.

ಅಲ್ಟ್ರಾಸಾನಿಕ್ ಮೆಷಿನ್ ಇರುವಾಗ ಕೈ ಉಪಕರಣ ಯಾಕೆ ಕಲಿಯಬೇಕು?

ಮೆಷಿನ್ ದೊಡ್ಡ ಗಾರೆಯನ್ನು ಬೇಗ ಒಡೆಯುತ್ತದೆ. ಏನು ಉಳಿದಿದೆ ಎಂದು ಬೆರಳಿಗೆ ಹೇಳುವುದು ಕೈ ಉಪಕರಣ. ಎರಡೂ ಬೇಕು.

ಮೆಷಿನ್ನಲ್ಲಿ ಹೊಸಬರ ತಪ್ಪು ಯಾವಾಗಲೂ ಒಂದೇ: ತುದಿಯನ್ನು ಹಲ್ಲಿಗೆ ಚುಚ್ಚಿದಂತೆ ಹಿಡಿಯುವುದು. ಪೀಜೋ (ಹರಳಿನಿಂದ ಕಂಪಿಸುವ) ಯಂತ್ರದ ತುದಿ ಸೆಕೆಂಡಿಗೆ 25,000 ಸಲಕ್ಕೂ ಹೆಚ್ಚು ಅಲುಗುತ್ತದೆ. ಮೊನೆಯನ್ನು ನೇರವಾಗಿ ಇಟ್ಟರೆ ಎನಾಮಲ್ ಮೇಲೆ ಗೀರು ಬೀಳುತ್ತದೆ. ತುದಿಯ ಪಕ್ಕದ ಮೈ ಹಲ್ಲಿಗೆ ತಾಗಬೇಕು, 15 ಡಿಗ್ರಿಗಿಂತ ಹೆಚ್ಚು ತೆರೆಯಬಾರದು, ಒತ್ತಬಾರದು, ಒಂದು ಕ್ಷಣವೂ ಒಂದೇ ಕಡೆ ನಿಲ್ಲಬಾರದು. ಒತ್ತಿದರೆ ಕಂಪನ ಸಾಯುತ್ತದೆ, ಕೆಲಸ ನಿಧಾನವಾಗುತ್ತದೆ, ಆಗ ಇನ್ನೂ ಒತ್ತುತ್ತಾರೆ. ನೀರು ಸಾಲದಿದ್ದರೆ ಹಲ್ಲು ಬಿಸಿಯಾಗಿ ರೋಗಿ ಜುಂ ಎಂದು ಎದ್ದು ಕೂರುತ್ತಾನೆ. ಮೊನೆ 1 ಮಿ.ಮೀ. ಸವೆದರೆ ಸುಮಾರು ಕಾಲುಭಾಗ ಶಕ್ತಿ ಹೋಯಿತು, 2 ಮಿ.ಮೀ. ಸವೆದರೆ ಅರ್ಧ. ಅಲ್ಲಿಗೆ ಎಸೆಯಬೇಕು. ಎಸೆಯುವ ಕ್ಲಿನಿಕ್ಕುಗಳು ಕಡಿಮೆ.

ಶುರು ಮಾಡುವ ಮುನ್ನ ಪೇಸ್‌ಮೇಕರ್ ಇದೆಯೇ ಎಂದು ಕೇಳಿ. ಇದ್ದರೆ, ಮುಖ್ಯವಾಗಿ ಮ್ಯಾಗ್ನೆಟೋಸ್ಟ್ರಿಕ್ಟಿವ್ (ಕಾಂತಕ್ಷೇತ್ರದಿಂದ ಕಂಪಿಸುವ) ಯಂತ್ರವಾದರೆ, ದಂತವೈದ್ಯರನ್ನು ಕೇಳದೆ ಮುಟ್ಟಬೇಡಿ.

ಉಪಕರಣ ಮೊಂಡಾಗಿದ್ದರೆ ಏನಾಗುತ್ತೆ?

ಗಾರೆ ಏಳುವುದಿಲ್ಲ, ನುಣುಪಾಗುತ್ತದೆ. ಇದು ಅತಿ ಕೆಟ್ಟ ಫಲಿತಾಂಶ, ಏಕೆಂದರೆ ಎಕ್ಸ್‌ಪ್ಲೋರರ್ (ಗಾರೆ ಉಳಿದಿದೆಯೇ ಎಂದು ತಡವಿ ನೋಡುವ ಮೊನೆ ಉಪಕರಣ) ಓಡಿಸಿದಾಗ ಶುದ್ಧ ಹಲ್ಲಿನಂತೆಯೇ ಅನಿಸುತ್ತದೆ. ಅಕ್ರಿಲಿಕ್ ಕಡ್ಡಿಗೆ ಬ್ಲೇಡು ತಾಗಿಸಿ ನೋಡಿ. ಕಚ್ಚಿದರೆ ಹರಿತ, ಜಾರಿದರೆ ಮೊಂಡು. ಹರಿತ ಮಾಡುವಾಗ ಬ್ಲೇಡಿನ ಮುಖಕ್ಕೂ ಕಲ್ಲಿಗೂ 100ರಿಂದ 110 ಡಿಗ್ರಿ ಇಟ್ಟರೆ ಒಳಕೋನ 70ರಿಂದ 80 ಉಳಿಯುತ್ತದೆ. ಅರ್ಕಾನ್ಸಾ ಕಲ್ಲಿಗೆ ಎಣ್ಣೆ, ಸೆರಾಮಿಕ್ ಕಲ್ಲಿಗೆ ನೀರು.

‘ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತೆ’ ಅಂತಾರೆ ರೋಗಿಗಳು. ಏನು ಹೇಳಬೇಕು?

ಇದಕ್ಕೆ ಉತ್ತರ ಕೊಡಲು ಬಾರದ ಹೈಜೀನಿಸ್ಟ್ ಅರ್ಧ ಕೆಲಸ ಮಾತ್ರ ಕಲಿತಂತೆ. ರೋಗಿಗೆ ಅನಿಸಿದ್ದು ಸುಳ್ಳಲ್ಲ. ಕೆಳಗಿನ ಮುಂಬಲ್ಲುಗಳ ಹಿಂಬದಿಯಲ್ಲಿ ಜೊಲ್ಲಿನ ನಾಳ ತೆರೆಯುವುದರಿಂದ, ಬೋರ್‌ವೆಲ್ ನೀರಿಗೆ ಬಚ್ಚಲ ಹಂಡೆಯಲ್ಲಿ ಗಾರೆ ಕಟ್ಟುವ ಹಾಗೆ, ಅಲ್ಲಿ ದಪ್ಪ ಪದರ ಕೂರುತ್ತದೆ. ಒಳಗೆ ಮೂಳೆ ಕರಗುತ್ತಾ ಹೋಗಿ ಹಲ್ಲು ಆಗಲೇ ಅಲುಗುತ್ತಿರುತ್ತದೆ, ಗಾರೆ ಅವನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ. ಗಾರೆ ತೆಗೆದ ಕೂಡಲೇ ಸಂದು ಕಾಣುತ್ತದೆ, ಅಲುಗಾಟ ತಿಳಿಯುತ್ತದೆ, ತಣ್ಣೀರು ಜುಂ ಅನ್ನುತ್ತದೆ.

ಇದನ್ನು ಸ್ಕೇಲಿಂಗಿಗೆ ಮೊದಲೇ ಹೇಳಬೇಕು, ಕೈಗೆ ಕನ್ನಡಿ ಕೊಟ್ಟು ತೋರಿಸಬೇಕು. ಮೊದಲೇ ಹೇಳಿದರೆ ಅದು ಮಾಹಿತಿ. ಆಮೇಲೆ ಹೇಳಿದರೆ ರೋಗಿಯ ಕಿವಿಗೆ ಅದು ನೆಪ.

ಪ್ರೋಬಿಂಗ್‌ನಲ್ಲಿ ನನ್ನ ಅಳತೆ ಮೇಡಂ ಅಳತೆಗೆ ಯಾಕೆ ಹೊಂದಲ್ಲ?

ಪ್ರೋಬಿಂಗ್ ಅಂದರೆ ಗೆರೆ ಹಾಕಿದ ಸಣ್ಣ ಕಡ್ಡಿ (ಪ್ರೋಬ್) ಇಳಿಸಿ ಹಲ್ಲಿಗೂ ವಸಡಿಗೂ ನಡುವಿನ ಆಳ ಅಳೆಯುವುದು. ಅಳತೆ ಹೊಂದದಿರಲು ಸಾಮಾನ್ಯವಾಗಿ ಎರಡು ಕಾರಣ. ಒಂದು, ಒತ್ತಡ. ಸುಮಾರು 25 ಗ್ರಾಂ ಭಾರ ಸಾಕು. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಪ್ರೋಬ್ ಒತ್ತಿ ಅಭ್ಯಾಸ ಮಾಡಿ, ನೀವು ಎಷ್ಟು ಹೆಚ್ಚು ಒತ್ತುತ್ತಿದ್ದೀರಿ ಎಂದು ಗೊತ್ತಾಗುತ್ತದೆ. ಎರಡು, ಹಲ್ಲುಸಂದಿನಲ್ಲಿ ಪ್ರೋಬನ್ನು ಸ್ವಲ್ಪ ವಾಲಿಸದೆ ನೇರ ಇಳಿಸುವುದು. ಆಗ ಸಂದಿನ ನಡುವಿನ ಆಳ ಸಿಗುವುದೇ ಇಲ್ಲ. ಪ್ರತಿ ಹಲ್ಲಿಗೆ ಆರು ಕಡೆ ಅಳೆಯಬೇಕು. ಇನ್ನೊಂದು ಸಣ್ಣ ವಿಷಯ: ಯುಎನ್‌ಸಿ-15 ಪ್ರೋಬಿನಲ್ಲಿ ಪ್ರತಿ ಮಿ.ಮೀ.ಗೂ ಗೆರೆ ಇದೆ, ವಿಲಿಯಮ್ಸ್ ಪ್ರೋಬಿನಲ್ಲಿ 4 ಮತ್ತು 6ರ ಗೆರೆ ಇಲ್ಲ. ಯಾವುದು ಕೈಯಲ್ಲಿದೆ ಎಂದು ನೋಡದೆ ಓದಿದರೆ 5 ಅನ್ನು 4 ಎಂದು ಬರೆಯುತ್ತೀರಿ.

ಆಟೋಕ್ಲೇವ್ ಕೆಲಸ ಅಟೆಂಡರ್ ಮಾಡ್ತಾರಲ್ಲ, ನಾವು ಯಾಕೆ ಕಲಿಯಬೇಕು?

ಆಟೋಕ್ಲೇವ್ ಅಂದರೆ ಒತ್ತಡದ ಹಬೆಯಲ್ಲಿ ಉಪಕರಣದ ರೋಗಾಣು ಕೊಲ್ಲುವ ಯಂತ್ರ. ಸೋಂಕು ಹರಡಿದರೆ ಕೇಳುವುದು ನಿಮ್ಮನ್ನೇ. ಕ್ರಮ ಹೀಗೆ: ಬಳಸಿದ ಉಪಕರಣವನ್ನು ದಪ್ಪ ರಬ್ಬರ್ ಗ್ಲೌಸ್ ಹಾಕಿ ತೊಳೆಯಿರಿ ಅಥವಾ ಅಲ್ಟ್ರಾಸಾನಿಕ್ ಕ್ಲೀನರಿಗೆ ಹಾಕಿ, ನೀರಲ್ಲಿ ಜಾಲಿಸಿ, ಪೂರ್ತಿ ಒಣಗಿಸಿ, ಪೌಚಿಗೆ ಹಾಕಿ, ದಿನಾಂಕ ಬರೆದು ಆಟೋಕ್ಲೇವಿಗೆ ಇಡಿ. ಸಾಮಾನ್ಯ ಯಂತ್ರದಲ್ಲಿ 121 ಡಿಗ್ರಿ ಸೆಲ್ಸಿಯಸ್, 15 ಪೌಂಡ್ ಒತ್ತಡ. ಪೊಟ್ಟಣ ಕಟ್ಟಿದ ಉಪಕರಣಕ್ಕೆ ಸಾಮಾನ್ಯವಾಗಿ 30 ನಿಮಿಷ. ವ್ಯಾಕ್ಯೂಮ್ ಯಂತ್ರದಲ್ಲಿ 134 ಡಿಗ್ರಿಗೆ 3ರಿಂದ 4 ನಿಮಿಷ. ಈ ನಿಮಿಷಗಳ ಲೆಕ್ಕ ಉಷ್ಣತೆ ಮುಟ್ಟಿದ ಮೇಲೆ ಶುರು, ಸ್ವಿಚ್ ಹಾಕಿದಾಗಿನಿಂದ ಅಲ್ಲ.

ಪೌಚುಗಳು ಒದ್ದೆಯಾಗಿ ಹೊರಬಂದರೆ ಅವು ಸ್ಟೆರೈಲ್ ಅಲ್ಲ. ಒದ್ದೆ ಕಾಗದದ ಮೂಲಕ ರೋಗಾಣು ಒಳಗೆ ಹೋಗುತ್ತದೆ. ಟ್ರೇ ತುಂಬಾ ತುರುಕಿದ್ದು, ಒಂದರ ಮೇಲೊಂದು ಮಲಗಿಸಿದ್ದು, ಒಣಗುವ ಸುತ್ತು ಮುಗಿಯುವ ಮೊದಲೇ ಬಾಗಿಲು ತೆಗೆದದ್ದು, ಇವೇ ಕಾರಣ. ಪೌಚುಗಳನ್ನು ಪುಸ್ತಕದಂತೆ ನಿಲ್ಲಿಸಿ, ಒಂದರ ಕಾಗದದ ಬದಿ ಇನ್ನೊಂದರ ಪ್ಲಾಸ್ಟಿಕ್ ಬದಿಗೆ ಬರುವಂತೆ ಜೋಡಿಸಿ. ಪೌಚಿನ ಮೇಲಿನ ಬಣ್ಣ ಬದಲಾಗಿದ್ದರೆ ಬಿಸಿ ತಾಗಿದೆ ಎಂದಷ್ಟೇ ಅರ್ಥ. ರೋಗಾಣು ಸತ್ತಿದೆಯೇ ಎಂದು ತಿಳಿಯಲು ವಾರಕ್ಕೊಮ್ಮೆ ಜಿಯೋಬ್ಯಾಸಿಲಸ್ ಬೀಜಾಣುಗಳಿರುವ ಜೈವಿಕ ಪರೀಕ್ಷೆ ಮಾಡಬೇಕು.

ಕಸಕ್ಕೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ: ರಕ್ತ ಹತ್ತಿದ ಹತ್ತಿ ಹಳದಿ ಚೀಲಕ್ಕೆ, ಗ್ಲೌಸ್ ಮತ್ತು ಸಕ್ಷನ್ ಟ್ಯೂಬ್ ಕೆಂಪಿಗೆ, ಸೂಜಿ, ಬ್ಲೇಡು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ಗಾಜು ನೀಲಿಗೆ. ಅಮಾಲ್ಗಂ (ಪಾದರಸ ಬೆರೆತ ಲೋಹದ ಸಿಮೆಂಟ್) ತುಂಬಿದ ಹಲ್ಲನ್ನು ಮಾತ್ರ ಸುಡುವ ಚೀಲಕ್ಕೆ ಹಾಕಬಾರದು, ಪಾದರಸ ಗಾಳಿಗೆ ಹೋಗುತ್ತದೆ.

ಸೂಜಿ ಚುಚ್ಚಿಕೊಂಡರೆ?

ಹಿಂಡಬೇಡಿ, ಬಾಯಿಗಿಟ್ಟುಕೊಳ್ಳಬೇಡಿ. ಸೋಪು, ಹರಿಯುವ ನೀರಲ್ಲಿ ತೊಳೆದು ತಕ್ಷಣ ವರದಿ ಮಾಡಿ. ಎಚ್‌ಐವಿ ತಡೆ ಔಷಧ ಬೇಕೆಂದಾದರೆ ಮೊದಲ 2 ಗಂಟೆಯೊಳಗೆ ಶುರುವಾದರೆ ಉತ್ತಮ, 72 ಗಂಟೆ ದಾಟಬಾರದು, 28 ದಿನ ತಪ್ಪದೆ ನುಂಗಬೇಕು. ಹೆಪಟೈಟಿಸ್ ಬಿ ಲಸಿಕೆಯನ್ನು ಕೋರ್ಸಿನ ಮೊದಲ ವಾರವೇ ಆರಂಭಿಸಿ: 0, 1, 6 ತಿಂಗಳು. ಮೂರನೆಯದಾದ ಒಂದೆರಡು ತಿಂಗಳಿಗೆ ಲಸಿಕೆ ಹಿಡಿದಿದೆಯೇ ಎಂದು ತೋರಿಸುವ ಆಂಟಿ-ಎಚ್‌ಬಿಎಸ್ ರಕ್ತಪರೀಕ್ಷೆ ಮಾಡಿಸಿ, ಅಂಕಿ 10 ಅಥವಾ ಹೆಚ್ಚು ಇರಬೇಕು. ಆರನೇ ತಿಂಗಳ ಚುಚ್ಚುಮದ್ದನ್ನು ಮರೆಯುವವರೇ ಜಾಸ್ತಿ.

ನಮ್ಮ ಕಡೆ ಎಲ್ಲರ ಹಲ್ಲೂ ಕಂದು. ಸ್ಕೇಲಿಂಗಿಂದ ಹೋಗುತ್ತಾ?

ಕೋಲಾರ, ಪಾವಗಡ, ಮುಂಡರಗಿ ಕಡೆಯವರು ಕೇಳುವ ಪ್ರಶ್ನೆ. ಹೊರಗೆ ಅಂಟಿದ ಕಲೆ, ಎಲೆಅಡಿಕೆಯದ್ದಾಗಲಿ ಚಹಾದ್ದಾಗಲಿ, ಹೋಗುತ್ತದೆ. ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಬರುವ ಫ್ಲೋರೋಸಿಸ್ ಕಲೆ ಎನಾಮಲ್ ರೂಪುಗೊಳ್ಳುವಾಗಲೇ ಒಳಗೆ ಸೇರಿದ್ದು, ಎಷ್ಟು ಕೆರೆದರೂ ಹೋಗದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಅಂಥ ಊರಿನ ಶಾಲಾ ಶಿಬಿರದಲ್ಲಿ ಫ್ಲೋರೈಡ್ ಹಚ್ಚುವ ಮುನ್ನ ನೀರಿನ ವರದಿ ನೋಡುವ ಅಭ್ಯಾಸ ಬೆಳೆಸಿಕೊಳ್ಳಿ.

ಗುಟ್ಕಾ, ಅಡಿಕೆ ಜಗಿಯುವವರು ಬಂದರೆ ಕಲೆ ತೆಗೆಯುವ ಮೊದಲು ಬಾಯಿ ಎಷ್ಟು ತೆರೆಯುತ್ತದೆ ಎಂದು ಸ್ಕೇಲಿನಲ್ಲಿ ಅಳೆದು ಬರೆಯಿರಿ. 35 ಮಿ.ಮೀ.ಗಿಂತ ಕಡಿಮೆ ಇದ್ದು ಕೆನ್ನೆಯ ಒಳಮೈ ಬಿಳಿಚಿ ಗಟ್ಟಿಯಾಗಿದ್ದರೆ ಆ ದಿನ ಮುಖ್ಯ ಕೆಲಸ ಪಾಲಿಶ್ ಅಲ್ಲ, ದಂತವೈದ್ಯರಿಗೆ ತೋರಿಸುವುದು.

ಡೆಂಟಲ್ ಮೆಕ್ಯಾನಿಕ್ ಕೆಲಸ ಹೇಗಿರುತ್ತೆ?

ರೋಗಿಯ ಮುಖ ನೋಡುವುದು ಕಡಿಮೆ. ಮೇಣ, ಪ್ಲಾಸ್ಟರ್, ಅಕ್ರಿಲಿಕ್ ಜೊತೆ ದಿನವಿಡೀ. ಅಳತೆ ತಪ್ಪಿದರೆ ವಸ್ತುವೇ ಹೇಳಿಬಿಡುತ್ತದೆ. ಡೆಂಟಲ್ ಸ್ಟೋನ್ (ಗಟ್ಟಿ ಬಗೆಯ ಪ್ಲಾಸ್ಟರ್ ಪುಡಿ) 100 ಗ್ರಾಂಗೆ 28ರಿಂದ 30 ಮಿ.ಲೀ. ನೀರು, ಮಾಮೂಲಿ ಪ್ಲಾಸ್ಟರಿಗೆ 45ರಿಂದ 50. ಅಂದಾಜಿನ ಮೇಲೆ ನೀರು ಹುಯ್ದರೆ ಮಾದರಿಯ ಮೇಲೆ ಉಗುರಿನಿಂದ ಗೀರಬಹುದು. ಬಾಯಿಯ ಅಳತೆ ತೆಗೆದ ಆಲ್ಜಿನೇಟ್ ಅಚ್ಚು ಬಂದ 10–15 ನಿಮಿಷದಲ್ಲಿ ಸ್ಟೋನ್ ಸುರಿಯಬೇಕು. ಗಾಳಿಗಿಟ್ಟರೆ ಕುಗ್ಗುತ್ತದೆ, ನೀರಲ್ಲಿಟ್ಟರೆ ಉಬ್ಬುತ್ತದೆ.

ಹಲ್ಲಿನ ಸೆಟ್ಟಿನ ಅಕ್ರಿಲಿಕ್‌ಗೆ ಪುಡಿ ಮೂರು ಪಾಲು, ದ್ರವ ಒಂದು ಪಾಲು. ಬೇಯಿಸುವುದು 74 ಡಿಗ್ರಿಯಲ್ಲಿ 8 ಗಂಟೆ, ಇಲ್ಲವೇ 74ರಲ್ಲಿ 2 ಗಂಟೆ, ಆಮೇಲೆ 100ರಲ್ಲಿ 1 ಗಂಟೆ. ಸಂಜೆಯೊಳಗೆ ಕೊಡಬೇಕೆಂದು ನೇರ ಕುದಿಯುವ ನೀರಿಗೆ ಹಾಕಿದರೆ ಒಳಗಿನ ದ್ರವ ಕುದಿದು ದಪ್ಪ ಭಾಗದಲ್ಲಿ ಸಣ್ಣ ಸಣ್ಣ ತೂತು ಬೀಳುತ್ತದೆ. ಆ ಸೆಟ್ಟು ವಾಸನೆ ಹಿಡಿಯುತ್ತದೆ, ಬೇಗ ಮುರಿಯುತ್ತದೆ. ಬೆಂದ ಅಚ್ಚನ್ನು ತಣ್ಣೀರಿಗೆ ಎಸೆದರೆ ಸೊಟ್ಟಗಾಗಿ, ಅಜ್ಜಿಯ ಬಾಯಲ್ಲಿ ಕೂರುವುದಿಲ್ಲ.

ಹಲ್ಲು ಬೇಡ, ಬೇರೆ ಅಲೈಡ್ ಹೆಲ್ತ್ ಕೋರ್ಸು ನೋಡ್ತಿದ್ದೀನಿ. ಯಾವುದು ಒಳ್ಳೇದು?

‘ಒಳ್ಳೇದು’ ಎನ್ನುವ ಬದಲು ದಿನ ಹೇಗೆ ಕಳೆಯುತ್ತದೆ ಎಂದು ಕೇಳಿಕೊಳ್ಳಿ. ಮಾತಾಡುವುದು ಇಷ್ಟವಿಲ್ಲದವರಿಗೆ ಲ್ಯಾಬ್ ಹಿತ, ಆದರೆ ಅಲ್ಲಿ ಕ್ರಮ ತಪ್ಪುವಂತಿಲ್ಲ. ರಕ್ತ ತೆಗೆಯುವಾಗ ನೇರಳೆ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬನ್ನು ಸೀರಂ ಟ್ಯೂಬಿಗಿಂತ ಮೊದಲು ತುಂಬಿಸಿ ಅದರ ಅಂಶ ಇದಕ್ಕೆ ಸೇರಿದರೆ, ಪೊಟ್ಯಾಸಿಯಂ ಸುಳ್ಳೇ ಹೆಚ್ಚಾಗಿ, ಕ್ಯಾಲ್ಸಿಯಂ ಸುಳ್ಳೇ ಕಡಿಮೆಯಾಗಿ ಬರುತ್ತದೆ. ವೈದ್ಯರು ಇಲ್ಲದ ಕಾಯಿಲೆಗೆ ಔಷಧಿ ಕೊಡುತ್ತಾರೆ.

ಡಯಾಲಿಸಿಸ್‌ನಲ್ಲಿ ಅದೇ ರೋಗಿಗಳು ವಾರಕ್ಕೆ ಎರಡು ಮೂರು ಸಲ, ವರ್ಷಗಟ್ಟಲೆ ಬರುತ್ತಾರೆ. ಮನೆಯವರಂತಾಗುತ್ತಾರೆ, ತೀರಿಕೊಂಡಾಗ ಸಂಕಟವೂ ಆಗುತ್ತದೆ. ಅಲ್ಲಿ ನೀರೇ ಔಷಧಿ. ನಿಮಿಷಕ್ಕೆ 500 ಮಿ.ಲೀ.ನಂತೆ 4 ಗಂಟೆಗೆ 120 ಲೀಟರ್ ದ್ರವ ಒಬ್ಬರ ರಕ್ತದ ಎದುರು ಹರಿಯುತ್ತದೆ. ಆರ್‌ಒ ಘಟಕದ ಇಂಗಾಲದ ಟ್ಯಾಂಕ್ ಕೈಕೊಟ್ಟು, ನಲ್ಲಿ ನೀರಿನ ರೋಗಾಣು ಕೊಲ್ಲಲು ಬಳಸುವ ಕ್ಲೋರಮಿನ್ ಉಳಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಆದ್ದರಿಂದ ಪಾಳಿ ಶುರುವಾಗುವ ಮುನ್ನ ನೀರಿನ ಪರೀಕ್ಷೆ.

ಎಕ್ಸ್‌ರೇ, ಸಿಟಿ ವಿಭಾಗದವರಿಗೆ ವಿಕಿರಣದ ಭಯ ಮನೆಯವರದೇ ಹೆಚ್ಚು. ಮೈಗೆ ತಾಗಿದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಎದೆಯ ಮೇಲೆ, ಸೀಸದ ಏಪ್ರನ್ನಿನ ಒಳಗೆ ಹಾಕಬೇಕು. ವಿಕಿರಣ ಕೆಲಸಗಾರರಿಗೆ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷ 30 ದಾಟಬಾರದು. ಏಪ್ರನ್ ಮಡಚಿಟ್ಟರೆ ಒಳಗೆ ಬಿರುಕು ಬಿಡುತ್ತದೆ, ತೂಗುಹಾಕಿ.

ಡಿಪ್ಲೊಮಾ ಮಾಡಲಾ, ಬಿಎಸ್ಸಿ ಮಾಡಲಾ?

ಮನೆಯ ಸ್ಥಿತಿ ಅನುಕೂಲವಾಗಿದ್ದರೆ ಬಿಎಸ್ಸಿ. 2021ರ ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆ ಎರಡು ಹಂತ ಗುರುತಿಸಿದೆ: ಅಲೈಡ್ ಹೆಲ್ತ್ ವೃತ್ತಿಪರರಿಗೆ 2ರಿಂದ 4 ವರ್ಷದಲ್ಲಿ ಕನಿಷ್ಠ 2,000 ಗಂಟೆ, ಹೆಲ್ತ್‌ಕೇರ್ ವೃತ್ತಿಪರರಿಗೆ 3ರಿಂದ 6 ವರ್ಷದಲ್ಲಿ ಕನಿಷ್ಠ 3,600 ಗಂಟೆ. ಪ್ರವೇಶಕ್ಕೆ ಮೊದಲು ಕಾಲೇಜಿನವರನ್ನು ಗಂಟೆಯ ಲೆಕ್ಕ ಕೇಳಿ. ರಾಜ್ಯದಲ್ಲಿ ಡಿಪ್ಲೊಮಾಗಳನ್ನು ಅರೆ ವೈದ್ಯಕೀಯ ಮಂಡಳಿ ನೋಡಿಕೊಳ್ಳುತ್ತದೆ, ಬಹುಪಾಲು ಬಿಎಸ್ಸಿ ಕೋರ್ಸುಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿ ಬರುತ್ತವೆ.

ಆನ್‌ಲೈನ್, ದೂರಶಿಕ್ಷಣದಲ್ಲಿ ಆಗುತ್ತಾ?

ಇಲ್ಲ. ಮೇಲೆ ಹೇಳಿದ 2021ರ ಕಾಯ್ದೆಯಡಿ ಬರುವ ಕೋರ್ಸುಗಳನ್ನು ಆನ್‌ಲೈನ್ ಮತ್ತು ದೂರಶಿಕ್ಷಣದಲ್ಲಿ ನಡೆಸದಂತೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2025ರ ಜುಲೈ–ಆಗಸ್ಟ್ ಪ್ರವೇಶದಿಂದ ತಡೆದಿದೆ.

ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ನಿಭಾಯಿಸಬಹುದಾ?

ಪಾಠ, ಪುಸ್ತಕ, ಪರೀಕ್ಷೆ ಇಂಗ್ಲಿಷಿನಲ್ಲೇ. ಆದರೆ ಕಷ್ಟ ಕೊಡುವುದು ಇಂಗ್ಲಿಷ್ ಅಲ್ಲ, ಲ್ಯಾಟಿನ್, ಗ್ರೀಕ್ ಪದಗಳು. ಇಂಗ್ಲಿಷ್ ಮಾಧ್ಯಮದವರಿಗೂ ಅವು ಹೊಸವೇ. ಪದವನ್ನು ಒಡೆದು ಕಲಿಯಿರಿ: ‘ಜಿಂಜೈವಾ’ ವಸಡು, ‘ಐಟಿಸ್’ ಉರಿಯೂತ, ಸೇರಿದರೆ ಜಿಂಜಿವೈಟಿಸ್. ಐವತ್ತು ತುಂಡು ಗೊತ್ತಾದರೆ ಐನೂರು ಪದ ಬಿಡಿಸಬಹುದು. ಒಪಿಡಿಯಲ್ಲಂತೂ ಕನ್ನಡವೇ ನಿಮ್ಮ ಬಲ. ‘ಸಬ್‌ಜಿಂಜೈವಲ್ ಕ್ಯಾಲ್ಕುಲಸ್’ ಎಂದು ರೋಗಿಗೆ ಹೇಳಿದರೆ ತಲೆಯಾಡಿಸಿ ಹೋಗುತ್ತಾರೆ, ಮತ್ತೆ ಬರುವುದಿಲ್ಲ. ‘ವಸಡಿನ ಒಳಗೆ ಗಾರೆ ಕಟ್ಟಿದೆ’ ಎಂದರೆ ಅರ್ಥವಾಗುತ್ತದೆ.

ವಿದ್ಯಾರ್ಥಿವೇತನ ಸಿಗುತ್ತಾ?

ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ವಿದ್ಯಾರ್ಥಿಗಳು ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅರ್ಜಿ ಮಂಜೂರಾದರೂ ದುಡ್ಡು ಬಾರದಿರುವುದಕ್ಕೆ ಮಾಮೂಲಿ ಕಾರಣ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದಿರುವುದು. ಪಾಸ್‌ಬುಕ್‌ನಲ್ಲಿ ಆಧಾರ್ ಸಂಖ್ಯೆ ಇದ್ದರೆ ಸಾಲದು, ಬ್ಯಾಂಕಿನಲ್ಲಿ ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೂಲಕ ಕಳಿಸಿದ ಹಣ ಆ ಖಾತೆಗೇ ಬರುವಂತೆ ಮಾಡುವ ಜೋಡಣೆ) ಆಗಿದೆಯೇ ಎಂದೇ ಕೇಳಿ. ಜಾತಿ, ಆದಾಯ ಪತ್ರದ ಆರ್‌ಡಿ ಸಂಖ್ಯೆಯಲ್ಲಿರುವ ಹೆಸರಿಗೂ ಎಸ್ಎಸ್ಎಲ್‌ಸಿ ಅಂಕಪಟ್ಟಿಯ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೆ ಮೊದಲೇ ಸರಿಪಡಿಸಿಕೊಳ್ಳಿ.

ಹೈಜೀನಿಸ್ಟ್‌ಗೆ ಕೆಲಸ ಸಿಗುತ್ತಾ? ಸ್ವಂತ ಕ್ಲಿನಿಕ್ ಇಡಬಹುದಾ?

ಎರಡನೆಯದಕ್ಕೆ ಮೊದಲು ಉತ್ತರ: ಇಡುವಂತಿಲ್ಲ. ದಂತವೈದ್ಯರ ಮೇಲ್ವಿಚಾರಣೆಯಲ್ಲೇ ಕೆಲಸ. ಹಲ್ಲು ಕೀಳುವುದು, ಸಿಮೆಂಟ್ ತುಂಬುವುದು ನಿಮ್ಮ ವ್ಯಾಪ್ತಿಗೆ ಬರುವುದಿಲ್ಲ, ಡಾಕ್ಟರೇ ‘ಪರವಾಗಿಲ್ಲ ಮಾಡು’ ಅಂದರೂ.

ಕೆಲಸದ ವಿಷಯ ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ. ಅಮೆರಿಕದಲ್ಲಿ ಹೈಜೀನಿಸ್ಟ್ ಇಲ್ಲದ ಕ್ಲಿನಿಕ್ ನಡೆಯುವುದೇ ಕಷ್ಟ. ಇಲ್ಲಿ ಬಿಡಿಎಸ್ ಮುಗಿಸಿದವರೇ ಬೇಕಾದಷ್ಟಿದ್ದಾರೆ, ಸಣ್ಣ ಕ್ಲಿನಿಕ್ಕಿನಲ್ಲಿ ಡಾಕ್ಟರೇ ಸ್ಕೇಲಿಂಗ್ ಮಾಡಿಬಿಡುತ್ತಾರೆ. ಅವಕಾಶ ಇರುವುದು ದಂತ ಕಾಲೇಜು, ಕಾರ್ಪೊರೇಟ್ ಡೆಂಟಲ್ ಸರಣಿ, ದೊಡ್ಡ ಆಸ್ಪತ್ರೆ, ಸರ್ಕಾರಿ ನೇಮಕಾತಿ ಬಂದಾಗ ಆ ಹುದ್ದೆ. ಊರಲ್ಲೇ ಇರಬೇಕು ಎಂಬವರಿಗೆ ಮೆಕ್ಯಾನಿಕ್ ಅಥವಾ ಲ್ಯಾಬ್ ಕೋರ್ಸು ಹೆಚ್ಚು ಕೈಹಿಡಿಯುತ್ತದೆ.

ವಿದೇಶಕ್ಕೆ ಹೋಗಬಹುದಾ?

ಕೊಲ್ಲಿಗೆ ಹೋಗುವ ಮಂಗಳೂರು, ಉಡುಪಿ, ಭಟ್ಕಳ ಕಡೆಯವರಿಗೆ ಗೊತ್ತಿರುವ ದಾರಿಯೇ: ಡೇಟಾಫ್ಲೋ ಮೂಲಕ ದಾಖಲೆ ಪರಿಶೀಲನೆ, ಪ್ರೊಮೆಟ್ರಿಕ್ ಪರೀಕ್ಷೆ, ಆಮೇಲೆ ಪರವಾನಗಿ. ಅನುಭವ ಪತ್ರದಲ್ಲಿ ಹುದ್ದೆಯ ಹೆಸರು, ಸೇರಿದ ಮತ್ತು ಬಿಟ್ಟ ದಿನಾಂಕ ಸ್ಪಷ್ಟವಿರಲಿ. ‘ಅಸಿಸ್ಟೆಂಟ್’ ಎಂದು ಬರೆಸಿಕೊಂಡು ಹೈಜೀನಿಸ್ಟ್ ಪರವಾನಗಿಗೆ ಹೋದರೆ ಅಲ್ಲೇ ನಿಲ್ಲುತ್ತದೆ.

ಅಮೆರಿಕ ಬೇರೆ ಕಥೆ. ಆಲ್ಫ್ರೆಡ್ ಫೋನ್ಸ್ ಎಂಬ ದಂತವೈದ್ಯರು 1913ರಲ್ಲಿ ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟಿನಲ್ಲಿ ಹೈಜೀನಿಸ್ಟ್‌ಗಳಿಗೆ ಮೊದಲ ತರಗತಿ ಶುರು ಮಾಡಿದ ದೇಶ ಅದು. ಇಂದು ಸಾಮಾನ್ಯವಾಗಿ ಅಲ್ಲಿನ ಮಾನ್ಯತೆ ಪಡೆದ ಕಾಲೇಜಿನಲ್ಲೇ ಓದಿ, 350 ಪ್ರಶ್ನೆಗಳ ರಾಷ್ಟ್ರೀಯ ಪರೀಕ್ಷೆ ಬರೆದು, ಆಯಾ ರಾಜ್ಯದ ಪರವಾನಗಿ ಪಡೆಯಬೇಕು. ಇಲ್ಲಿನ ಡಿಪ್ಲೊಮಾ ಹಿಡಿದು ನೇರ ಕೆಲಸಕ್ಕೆ ಸೇರಲಾಗದು.

ನಾನು ಎಡಗೈಯವಳು. ತೊಂದರೆ ಇದೆಯಾ?

ಕೆಲಸಕ್ಕಿಲ್ಲ. ನಿಮ್ಮ ಗಡಿಯಾರ 12ರಿಂದ 4. ಕಾಲೇಜಿನ ಕುರ್ಚಿಯ ಟ್ರೇ ಎಡಕ್ಕೆ ತಿರುಗುತ್ತದೆಯೇ ಎಂದು ಪ್ರವೇಶಕ್ಕೆ ಮೊದಲೇ ನೋಡಿಕೊಳ್ಳಿ. ಬಲಗೈಯಲ್ಲಿ ಕಲಿ ಎಂದರೆ ಒಪ್ಪಬೇಡಿ.

ಪ್ರಾಯೋಗಿಕ ಪರೀಕ್ಷೆಯಲ್ಲಿ ಎಲ್ಲಿ ಫೇಲ್ ಆಗ್ತಾರೆ?

ಮುಂಬಲ್ಲು ಎಲ್ಲರೂ ಚೆನ್ನಾಗಿ ಮಾಡುತ್ತಾರೆ, ಕಾಣುತ್ತದಲ್ಲ. ಪರೀಕ್ಷಕರು ಎಕ್ಸ್‌ಪ್ಲೋರರ್ ಇಡುವುದು 17 ಮತ್ತು 27ರ ಹಿಂದಿನ ಮೈಗೆ, ಕೆಳದವಡೆಯ ನಾಲಿಗೆಬದಿಗೆ, ಪಕ್ಕದ ಹಲ್ಲಿಗೆ ಒತ್ತಿಕೊಂಡ ಸಂದಿಗೆ. ಅದಕ್ಕೂ ಮೊದಲೇ ಅಂಕ ಹೋಗಿರುತ್ತದೆ: ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ ಬಗ್ಗೆ ಕೇಳದೆ ಶುರು ಮಾಡಿದ್ದು, ಗ್ಲೌಸ್ ಹಾಕಿದ ಕೈಯಲ್ಲೇ ಮಾಸ್ಕ್ ಸರಿಪಡಿಸಿದ್ದು, ಬಳಸಿದ ಸೂಜಿಗೆ ಎರಡು ಕೈಯಲ್ಲಿ ಕ್ಯಾಪ್ ಹಾಕಿದ್ದು. ಕೆಲಸ ಮುಗಿಯಿತು ಅನಿಸಿದಾಗ ಗಾಳಿ ಊದಿ ಹಲ್ಲು ಒಣಗಿಸಿ. ಒದ್ದೆಯಲ್ಲಿ ಕಾಣದ ಗಾರೆ ಒಣಗಿದಾಗ ಸುಣ್ಣದಂತೆ ಬಿಳಿಯಾಗಿ ಕಾಣುತ್ತದೆ. ಒಂದು ಸುತ್ತು ಎಕ್ಸ್‌ಪ್ಲೋರರ್ ನೀವೇ ಓಡಿಸಿ ನೋಡಿ, ಆಮೇಲೆ ಪರೀಕ್ಷಕರನ್ನು ಕರೆಯಿರಿ.